ಮೋಡದ ಕಾಲು ಪೂರ್ವಕ್ಕೆ, ತಲೆ ಪಶ್ಚಿಮಕ್ಕೆ

ಜುಲೈ ತಿಂಗಳಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟ ಹೊತ್ತಿಗೆ ಟೆರೇಸ್ ಹತ್ತಿ ನೋಡಿ. ಕೆಳಗಿನ ಬೂದು ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತಿರುತ್ತವೆ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ನಡುವೆ ಎಲ್ಲಾದರೂ ಕಿಂಡಿ ಬಿದ್ದರೆ ಅದರಾಚೆ, ತುಂಬಾ ಮೇಲೆ, ಹಿಂಜಿದ ಹತ್ತಿಯಂಥ ತೆಳು ಮೋಡ ಕಾಣುತ್ತದೆ. ಮೊದಲ ನೋಟಕ್ಕೆ ಅದು ನಿಂತಲ್ಲೇ ನಿಂತಿದೆ ಅನಿಸುತ್ತದೆ. ಅದರ ಅಂಚನ್ನು ಒಂದು ಲೈಟ್ ಕಂಬದ ತುದಿಗೆ ಹೊಂದಿಸಿಕೊಳ್ಳಿ. ತಲೆ ಅಲ್ಲಾಡಿಸದೆ ಒಂದೆರಡು ನಿಮಿಷ ನೋಡಿ. ಅದೂ ಸರಿಯುತ್ತಿದೆ. ಆದರೆ ಪೂರ್ವದಿಂದ ಪಶ್ಚಿಮಕ್ಕೆ!

ಮೊದಲ ಸಲ ಇದನ್ನು ಕಂಡಾಗ ಕಣ್ಣಿನ ಮೋಸ ಅಂದುಕೊಂಡಿದ್ದೆ. ಕೆಳಗಿನ ಮೋಡ ಓಡುವಾಗ ಮೇಲಿನದು ಹಿಂದಕ್ಕೆ ಹೋದಂತೆ ಕಾಣಬಹುದು, ರೈಲಿನ ಕಿಟಕಿಯಲ್ಲಿ ಆಗುವ ಹಾಗೆ. ಅದಕ್ಕೇ ಕಂಬ ಬೇಕಾದದ್ದು. ಕಂಬಕ್ಕೆ ಹೊಂದಿಸಿ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಒಂದೇ ಆಕಾಶದಲ್ಲಿ ಎರಡು ಗಾಳಿ ಎದುರುಬದುರಾಗಿ ಬೀಸುತ್ತಿವೆ.

ಮೇಲಕ್ಕೆ ಹೋದ ಹಾಗೆ ಗಾಳಿಯ ದಿಕ್ಕು ಅಥವಾ ವೇಗ ಬದಲಾಗುವುದಕ್ಕೆ ಹವಾಮಾನದವರು ವಿಂಡ್ ಶಿಯರ್ ಅನ್ನುತ್ತಾರೆ. ಸುಲಭವಾಗಿ ಶಿಯರ್ ಅನ್ನೋಣ. ಮಳೆಗಾಲದಲ್ಲಿ ನಮ್ಮ ತಲೆಯ ಮೇಲಿರುವ ಶಿಯರ್ ಸಣ್ಣದಲ್ಲ. ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ಗಂಟೆಗೆ 50-60 ಕಿ.ಮೀ. ವೇಗದ ಗಾಳಿ ಬರುತ್ತದೆ. ದಕ್ಷಿಣ ಭಾರತದ ಮೇಲೆ ಇಂಥದ್ದೊಂದು ಗಾಳಿಯ ಹೊಳೆ ಇದೆ ಎಂದು 1966ರಲ್ಲಿ ತೋರಿಸಿದವರು ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್. ಅದರ ಮೇಲೆ, 14-15 ಕಿ.ಮೀ. ಎತ್ತರದಲ್ಲಿ, ಪೂರ್ವದಿಂದ ಇನ್ನೊಂದು ಹೊಳೆ. ಅದರ ವೇಗ ಗಂಟೆಗೆ 100 ಕಿ.ಮೀ.ಗೂ ಜಾಸ್ತಿ. ಇದನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ಪಿ. ಕೋಟೇಶ್ವರಂ. ಮುಂದೆ ಅವರು ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರಾದರು.

ಈ ಎರಡು ಗಾಳಿಗಳ ನಡುವೆ ಮೇಲೇಳಬೇಕಾದ ಮೋಡದ ಗತಿ ಏನು? ಕಾಲನ್ನು ಒಬ್ಬರು ಪೂರ್ವಕ್ಕೆ ಎಳೆಯುತ್ತಾರೆ, ತಲೆಯನ್ನು ಇನ್ನೊಬ್ಬರು ಪಶ್ಚಿಮಕ್ಕೆ. ಹಾಗಾದರೆ ಶಿಯರ್ ಮೋಡದ ಶತ್ರು ಅಂತ ಯಾರಿಗಾದರೂ ಅನಿಸುತ್ತದೆ. ಅರ್ಧ ಮಾತ್ರ ನಿಜ. ಒಂದು ಮೋಡವನ್ನು ಹರಿದು ಹಾಕುವ ಶಿಯರ್, ಇನ್ನೊಂದು ಮೋಡಕ್ಕೆ ಗಂಟೆಗಟ್ಟಲೆ ಆಯಸ್ಸು ಕೊಡುತ್ತದೆ. ನನಗೆ ಈ ವಿಷಯ ಇಷ್ಟವಾಗಿದ್ದೇ ಇದಕ್ಕೆ.

ಮೊದಲು ಮೋಡ ಏಳುವುದು ಹೇಗೆ ಎಂದು ನೋಡೋಣ. ನೆಲ ಕಾದಾಗ ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇರುತ್ತದೆ. ಏರಿದಂತೆ ಹಿಗ್ಗಿ ತಣ್ಣಗಾಗುತ್ತದೆ, ಕಿ.ಮೀ.ಗೆ ಸುಮಾರು 10 ಡಿಗ್ರಿಯಂತೆ. ಒಂದು ಎತ್ತರದಲ್ಲಿ ಅದರೊಳಗಿನ ನೀರಾವಿ ಹನಿಯಾಗುತ್ತದೆ. ಅದೇ ಮೋಡದ ತಳ. ಈ ತಳ ಎಷ್ಟು ಎತ್ತರದಲ್ಲಿದೆ ಎಂದು ಅಂದಾಜು ಮಾಡಲು ಒಂದು ಸರಳ ಲೆಕ್ಕ ಇದೆ. ಗಾಳಿಯ ಉಷ್ಣಾಂಶದಿಂದ ಇಬ್ಬನಿ ಕಟ್ಟುವ ಉಷ್ಣಾಂಶವನ್ನು ಕಳೆಯಿರಿ. ಉಳಿದ ಪ್ರತಿ ಡಿಗ್ರಿಗೆ 125 ಮೀಟರ್. ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿನಲ್ಲಿ 34 ಡಿಗ್ರಿ ಬಿಸಿಲು ಇದೆ, ಇಬ್ಬನಿ ಕಟ್ಟುವ ಉಷ್ಣಾಂಶ 18 ಎಂದಿಟ್ಟುಕೊಳ್ಳಿ. ಮೋಡದ ತಳ ನೆಲದಿಂದ ಎರಡು ಕಿ.ಮೀ. ಮೇಲೆ. ಜುಲೈನಲ್ಲಿ ಮಂಗಳೂರಿನಲ್ಲಿ 28 ಮತ್ತು 25 ಇದ್ದರೆ ತಳ ಬರೀ 375 ಮೀಟರ್‌ನಲ್ಲಿ. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಆವಿ ಹನಿಯಾಗುವಾಗ ಬಿಸಿ ಹೊರಬೀಳುತ್ತದೆ. ಎಷ್ಟು ಅಂತೀರಾ? ಒಂದು ಲೀಟರ್ ನೀರಿನಷ್ಟು ಆವಿ ಹನಿಯಾದರೆ ಬರುವ ಬಿಸಿಯಲ್ಲಿ ಎಂಟು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮೋಡಕ್ಕೆ ಇದೇ ಉರುವಲು. ಈ ಬಿಸಿಯಿಂದ ಮೋಡದೊಳಗಿನ ಗಾಳಿ ಸುತ್ತಲಿನದಕ್ಕಿಂತ ಬೆಚ್ಚಗೆ ಉಳಿದು ಇನ್ನೂ ಮೇಲೇರುತ್ತದೆ. ಉಷ್ಣವಲಯದಲ್ಲಿ ಒಳ್ಳೆಯ ಗುಡುಗುಮೋಡ ಹೀಗೆ 15-16 ಕಿ.ಮೀ.ವರೆಗೂ ಹೋಗುತ್ತದೆ. ಅಲ್ಲಿಂದ ಮೇಲೆ ವಾತಾವರಣವೇ ಬೆಚ್ಚಗಿರುವುದರಿಂದ ಮೋಡಕ್ಕೆ ಚಾವಣಿ ತಗುಲಿದ ಹಾಗಾಗುತ್ತದೆ. ಏರಲಾಗದೆ ಅಡ್ಡಕ್ಕೆ ಹರಡುತ್ತದೆ. ದೂರದಿಂದ ಕಮ್ಮಾರನ ಅಡಿಗಲ್ಲಿನ ಹಾಗೆ ಕಾಣುವ ಚಪ್ಪಟೆ ತಲೆ ಇದೇ.

ಹಾಗಂತ ಬಿಸಿಲು ಇದ್ದ ದಿನವೆಲ್ಲ ಮೋಡ ಏಳುವುದಿಲ್ಲ. ಬೇಸಿಗೆಯಲ್ಲಿ ದಖ್ಖನ್ ಒಳನಾಡಿನ ಒಣ ಬಿಸಿ ಗಾಳಿ ಒಂದೆರಡು ಕಿ.ಮೀ. ಎತ್ತರದಲ್ಲಿ ಮುಚ್ಚಳದಂತೆ ಕೂತಿರುತ್ತದೆ. ಕೆಳಗಿನ ಗಾಳಿ ಅದನ್ನು ದಾಟಲಾರದು. ಇಡ್ಲಿ ಪಾತ್ರೆ ನೆನಪಿಸಿಕೊಳ್ಳಿ. ಹಬೆ ಒಳಗೇ ಸೇರುತ್ತಾ ಹೋಗುತ್ತದೆ, ಮುಚ್ಚಳ ಅದುರುತ್ತದೆ, ಆಮೇಲೆ ಒಂದು ಕಡೆ ಎದ್ದು ಭುಸ್ಸಂತ ಹೊರಗೆ ಬರುತ್ತದೆ. ಮೇ ತಿಂಗಳಲ್ಲಿ ಇಡೀ ದಿನ ಉರಿದು ಸಂಜೆ ನಾಲ್ಕು ಗಂಟೆಗೆ ಒಮ್ಮೆಲೇ ಕಪ್ಪಾಗುವುದು ಹೀಗೆ.

ಆ ಸಂಜೆಯ ಮೋಡವನ್ನೇ ಹತ್ತಿರದಿಂದ ನೋಡೋಣ. ಶಿಯರ್ ಹೆಚ್ಚೇನೂ ಇಲ್ಲದ ದಿನ. ಮೋಡ ನೆಟ್ಟಗೆ ಕಂಬದ ಹಾಗೆ ಏಳುತ್ತದೆ. ಸುಮಾರು ಐದು ಕಿ.ಮೀ. ದಾಟಿದ ಮೇಲೆ ಒಳಗೆ ಸೊನ್ನೆ ಡಿಗ್ರಿಗಿಂತ ಕಡಿಮೆ. ಅಲ್ಲಿ ಮಂಜಿನ ಹರಳು, ಆಲಿಕಲ್ಲು, ಇನ್ನೂ ಹೆಪ್ಪುಗಟ್ಟದ ನೀರಹನಿ ಎಲ್ಲ ಒಟ್ಟಿಗೆ ಇರುತ್ತವೆ. ಹರಳುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುತ್ ಬೇರ್ಪಡುತ್ತದೆ, ಮಿಂಚು ಗುಡುಗು ಶುರುವಾಗುತ್ತದೆ. ಹನಿಗಳ ಭಾರ ಹೆಚ್ಚಾದಾಗ ಮಳೆ ಬೀಳುತ್ತದೆ. ಎಲ್ಲಿಗೆ? ಮೋಡ ನೆಟ್ಟಗಿದೆಯಲ್ಲ, ಹಾಗಾಗಿ ತನ್ನದೇ ಏರುಗಾಳಿಯ ಮೇಲೆ. ಮಳೆ ಗಾಳಿಯನ್ನು ಕೆಳಕ್ಕೆ ಎಳೆಯುತ್ತದೆ. ಮೋಡದ ತಳದಿಂದ ನೆಲದವರೆಗಿನ ಆ ಎರಡು ಕಿ.ಮೀ. ಒಣ ಗಾಳಿಯಲ್ಲಿ ಹನಿಗಳು ಅರ್ಧಂಬರ್ಧ ಆವಿಯಾಗುತ್ತವೆ, ಗಾಳಿ ಮತ್ತಷ್ಟು ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಧೊಪ್ಪಂತ ನೆಲಕ್ಕೆ ಬಿದ್ದು ಎಲ್ಲ ದಿಕ್ಕಿಗೂ ಹರಡುತ್ತದೆ.

ಮಳೆಗೆ ಐದು ನಿಮಿಷ ಮೊದಲು ಕಿಟಕಿ ಬಾಗಿಲು ಬಡಿದು, ಧೂಳು ಎದ್ದು, ಮೈಗೆ ತಣ್ಣಗೆ ಸೋಕಿ, ಎಲ್ಲೋ ನೆನೆದ ಮಣ್ಣಿನ ವಾಸನೆ ತರುತ್ತದಲ್ಲ, ಅದೇ ಈ ಗಾಳಿ. ಒಣಗಲು ಹಾಕಿದ ಬಟ್ಟೆ ತೆಗೆಯಲು ಅಮ್ಮ ಓಡುತ್ತಿದ್ದುದು ಈ ಗಾಳಿಯ ಸುಳಿವಿಗೇ ಹೊರತು ಹನಿಗೆ ಕಾದು ಅಲ್ಲ. ಬೆಂಗಳೂರಿನಲ್ಲಿ ಮರಗಳನ್ನು ಉರುಳಿಸುವುದೂ ಹೆಚ್ಚಾಗಿ ಇದೇ ಗಾಳಿ.

ಈ ತಣ್ಣನೆಯ ಗಾಳಿ ಮೋಡದ ಬುಡದಲ್ಲೇ ಹರಡಿಕೊಂಡರೆ ಬೆಚ್ಚನೆಯ ಗಾಳಿ ಒಳಗೆ ಬರುವ ದಾರಿ ಮುಚ್ಚಿಹೋಗುತ್ತದೆ. ಹಾಲು ಉಕ್ಕಿ ಒಲೆಯನ್ನೇ ಆರಿಸಿದ ಹಾಗೆ. ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆಯಲ್ಲಿ ಆಟ ಮುಗಿಯಿತು. 1946 ಮತ್ತು 1947ರಲ್ಲಿ ಅಮೆರಿಕದ ಫ್ಲೋರಿಡಾ, ಓಹಾಯೋಗಳಲ್ಲಿ ಗುಡುಗುಮೋಡಗಳ ಒಳಗೇ ವಿಮಾನ ಹಾರಿಸಿ ಅಳತೆ ಮಾಡಿದರು. ಹೊರೇಸ್ ಬೈಯರ್ಸ್ ಮತ್ತು ರಾಸ್ಕೋ ಬ್ರಹಾಂ ಅದರಿಂದ ಬರೆದಿಟ್ಟ ಕಥೆ ಇದೇ. ಮೋಡ ಏಳುತ್ತದೆ, ಪಕ್ವವಾಗುತ್ತದೆ, ತನ್ನ ಮಳೆಯಿಂದಲೇ ಸಾಯುತ್ತದೆ.

ಈಗ ಇದೇ ಮೋಡಕ್ಕೆ ಸ್ವಲ್ಪ ಶಿಯರ್ ಕೊಡಿ. ಮೋಡ ವಾಲುತ್ತದೆ. ಮಳೆ ಏರುಗಾಳಿಯ ಮೇಲೆ ಬೀಳದೆ ಪಕ್ಕಕ್ಕೆ ಬೀಳುತ್ತದೆ. ಪಾತ್ರೆ ಓರೆಯಾಗಿದೆ, ಹಾಲು ಆಚೆ ಚೆಲ್ಲಿತು, ಒಲೆ ಉರಿಯುತ್ತಲೇ ಇದೆ. ಶಿಯರ್ ಮೋಡಕ್ಕೆ ಮಾಡುವ ಮೊದಲ ಉಪಕಾರ ಇದು.

ಎರಡನೆಯ ಉಪಕಾರ ಇನ್ನೂ ಸೊಗಸು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇಡೀ ವಿಷಯದ ಗುಟ್ಟು ಇಲ್ಲಿದೆ. ನೆಲದ ಮೇಲೆ ಹರಡುವ ತಣ್ಣನೆಯ ಗಾಳಿ ತನ್ನ ಮುಂದಿನ ಬೆಚ್ಚನೆಯ ಗಾಳಿಯನ್ನು ಮೇಲಕ್ಕೆತ್ತುತ್ತದೆ. ಆದರೆ ನೆಟ್ಟಗೆ ಎತ್ತುವುದಿಲ್ಲ, ತನ್ನ ಬೆನ್ನ ಮೇಲೆ ಹಿಂದಕ್ಕೆ ಉರುಳಿಸಿಕೊಳ್ಳುತ್ತದೆ. ಹಿಂದಕ್ಕೆ ಬಿದ್ದ ಗಾಳಿಯಿಂದ ಎತ್ತರದ ಮೋಡ ಆಗುವುದಿಲ್ಲ. ಆದರೆ ಮುಂದಿನ ಗಾಳಿಯಲ್ಲಿ ಕೆಳಗಿನ ಎರಡು ಮೂರು ಕಿ.ಮೀ.ಗಳಲ್ಲಿ ಶಿಯರ್ ಇದ್ದರೆ ಅದಕ್ಕೂ ಒಂದು ಉರುಳುವ ಗುಣ ಇರುತ್ತದೆ, ವಿರುದ್ಧ ದಿಕ್ಕಿಗೆ. ರಸ್ತೆ ಬದಿಯ ಕಬ್ಬಿನ ಹಾಲಿನ ಮಷಿನ್ ನೋಡಿದ್ದೀರಲ್ವಾ? ಎರಡು ಉರುಳೆ ಎದುರುಬದುರು ತಿರುಗುತ್ತವೆ, ನಡುವೆ ಸಿಕ್ಕಿದ ಕಬ್ಬು ಅತ್ತಿತ್ತ ಸರಿಯದೆ ನೇರ ಆಚೆ ನುಗ್ಗುತ್ತದೆ. ಇಲ್ಲೂ ಹಾಗೆ. ತಣ್ಣನೆಯ ಗಾಳಿಯ ಉರುಳು ಒಂದು ಕಡೆ, ಶಿಯರ್‌ನ ಉರುಳು ಇನ್ನೊಂದು ಕಡೆ. ಎರಡೂ ಸಮ ಇದ್ದರೆ ನಡುವಿನ ಬೆಚ್ಚನೆಯ ಗಾಳಿ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಹಳೆಯ ಮೋಡ ಸಾಯುವಷ್ಟರಲ್ಲಿ ಅದರ ಮುಂದೆ ಹೊಸದು ಎದ್ದಿರುತ್ತದೆ. ಅದರ ಮಳೆ ಮತ್ತೆ ತಣ್ಣನೆಯ ಗಾಳಿಗೆ ಬಲ ಕೊಡುತ್ತದೆ. ಹೀಗೆ ಮೋಡಗಳ ಸಾಲು ಗಂಟೆಗಟ್ಟಲೆ ನಡೆಯುತ್ತದೆ. 1988ರಲ್ಲಿ ರೊಟುನ್ನೋ, ಕ್ಲೆಂಪ್, ವೈಸ್‌ಮನ್ ಎಂಬ ಮೂವರು ವಿಜ್ಞಾನಿಗಳು ಕಂಪ್ಯೂಟರ್ ಮಾದರಿಗಳಿಂದ ಈ ಸಮತೋಲನವನ್ನು ತೋರಿಸಿಕೊಟ್ಟರು.

ಶಿಯರ್ ಕಡಿಮೆಯಾದರೆ ತಣ್ಣನೆಯ ಗಾಳಿ ಗೆದ್ದು ಮೋಡವನ್ನು ಹಿಂದೆ ಬಿಟ್ಟು ಓಡುತ್ತದೆ. ಶಿಯರ್ ಅತಿಯಾದರೆ ಏರುಗಾಳಿ ಮುಂದಕ್ಕೆ ಮುಗ್ಗರಿಸುತ್ತದೆ. ಅಂದರೆ "ಎಷ್ಟು ಶಿಯರ್ ಒಳ್ಳೆಯದು" ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರ ಇಲ್ಲ. ತಣ್ಣನೆಯ ಗಾಳಿ ಎಷ್ಟು ಬಲವಾಗಿದೆ ಎಂದು ಮೊದಲು ಕೇಳಬೇಕು. ಅದು ಮೋಡದ ತಳ ಎಷ್ಟು ಎತ್ತರದಲ್ಲಿದೆ, ಕೆಳಗಿನ ಗಾಳಿ ಎಷ್ಟು ಒಣಗಿದೆ ಎನ್ನುವುದರ ಮೇಲೆ ನಿಂತಿದೆ. ಬೆಂಗಳೂರಿನ ಎರಡು ಕಿ.ಮೀ. ಎಲ್ಲಿ, ಮಂಗಳೂರಿನ 375 ಮೀಟರ್ ಎಲ್ಲಿ!

ಬೇಸಿಗೆಯಲ್ಲಿ ಈ ಎರಡು ಉರುಳೆಯ ಗಾಣ ಜೋರಾಗಿ ತಿರುಗುವುದು ಬಂಗಾಳದ ಕಡೆ. ಅಲ್ಲಿ ಕೆಳಗೆ ಬಂಗಾಳ ಕೊಲ್ಲಿಯ ತೇವದ ಗಾಳಿ, ಅದರ ಮೇಲೆ ಒಣ ಗಾಳಿ, ಇನ್ನೂ ಮೇಲೆ ಪಶ್ಚಿಮದಿಂದ ಬೀಸುವ ಬಲವಾದ ಗಾಳಿ. ಛೋಟಾ ನಾಗಪುರ ಪ್ರಸ್ಥಭೂಮಿಯ ಕಡೆ ಮಧ್ಯಾಹ್ನ ಹುಟ್ಟಿದ ಮೋಡಗಳ ಸಾಲು ಸಂಜೆಗೆ ಕೋಲ್ಕತ್ತದ ಮೇಲೆ ಬಂದು ಬೀಳುತ್ತದೆ. ಅಲ್ಲಿಯವರು ಕಾಲಬೈಸಾಖಿ ಅನ್ನುತ್ತಾರೆ. ನಮ್ಮ ಭರಣಿ ಮಳೆಯ ಕಾಲವೇ. ಅದೇ ಗುಡುಗು, ಅದೇ ಆಲಿಕಲ್ಲು. ಆದರೆ ನಮ್ಮಲ್ಲಿ ಬೇಸಿಗೆಯ ಶಿಯರ್ ಸಾಮಾನ್ಯವಾಗಿ ಅಷ್ಟು ಬಲವಾಗಿರುವುದಿಲ್ಲ. ಅದಕ್ಕೇ ಒಂದು ಬಡಾವಣೆಗೆ ಹುಯ್ದು ಪಕ್ಕದ ಬಡಾವಣೆಯನ್ನು ಒಣಗಿಸಿಡುವ ಬಿಡಿ ಮೋಡಗಳೇ ಜಾಸ್ತಿ.

ಸಮುದ್ರದ ಮೇಲೆ ಕಥೆ ಬೇರೆ. 1974ರಲ್ಲಿ ಹಲವು ದೇಶಗಳು ಸೇರಿ ಸೆನೆಗಲ್‌ನ ಡಕಾರ್ ನಗರವನ್ನು ನೆಲೆ ಮಾಡಿಕೊಂಡು ಅಟ್ಲಾಂಟಿಕ್ ಸಾಗರದಲ್ಲಿ ಹಡಗು, ವಿಮಾನ ಬಿಟ್ಟು ಉಷ್ಣವಲಯದ ಮೋಡಗಳನ್ನು ಅಳೆದವು. ಗೇಟ್ ಎಂದು ಆ ಪ್ರಯೋಗದ ಹೆಸರು. 1992-93ರಲ್ಲಿ ಪಶ್ಚಿಮ ಪೆಸಿಫಿಕ್‌ನಲ್ಲಿ ಟೋಗಾ ಕೋರ್ ಎಂಬ ಇನ್ನೊಂದು ಪ್ರಯೋಗ ನಡೆಯಿತು. ಸಮುದ್ರದ ಮೋಡಗಳೊಳಗಿನ ಏರುಗಾಳಿ ನೆಲದ ಗುಡುಗುಮೋಡಗಳಿಗಿಂತ ಬಹಳ ಮೆತ್ತಗಿದ್ದದ್ದು ಗೊತ್ತಾಯಿತು. ಇನ್ನೊಂದು ಸ್ವಾರಸ್ಯವೂ ಸಿಕ್ಕಿತು. ಮೋಡಗಳ ಸಾಲು ಯಾವ ದಿಕ್ಕಿಗೆ ಕೂರುತ್ತದೆ ಎಂದು ಮಾರ್ಗರೆಟ್ ಲೆಮೋನ್ ಮತ್ತು ಜೊತೆಯವರು ಹುಡುಕಿದರು. ಕೆಳಗಿನ ಎರಡು ಕಿ.ಮೀ.ಯಲ್ಲಿ ಶಿಯರ್ ಬಲವಾಗಿದ್ದರೆ ಸಾಲು ಅದಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಕೆಳಗೆ ದುರ್ಬಲವಾಗಿದ್ದು ನಡುಮಟ್ಟದಲ್ಲಿ ಬಲವಾಗಿದ್ದರೆ ಸಾಲು ಶಿಯರ್‌ನ ಉದ್ದಕ್ಕೇ ಮಲಗುತ್ತದೆ. ಅಂದರೆ ಉಪಗ್ರಹದ ಚಿತ್ರದಲ್ಲಿ ಮೋಡದ ಪಟ್ಟಿ ಹೇಗೆ ಬಿದ್ದಿದೆ ಎಂದು ನೋಡಿದರೆ ಅಲ್ಲಿನ ಗಾಳಿಯ ಬಗ್ಗೆ ಒಂದು ಊಹೆ ಮಾಡಬಹುದು.

ಶಿಯರ್ ಬಗ್ಗೆ ಇಷ್ಟು ಹೇಳಿ ನಡುವಿನ ತೇವದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಮೋಡ ಏರುವಾಗ ಸುತ್ತಲಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಲೇ ಇರುತ್ತದೆ. ಮೂರರಿಂದ ಆರು ಕಿ.ಮೀ. ಎತ್ತರದ ಗಾಳಿ ಒಣಗಿದ್ದರೆ ಹನಿಗಳು ಆವಿಯಾಗಿ, ಮೋಡ ತಣ್ಣಗಾಗಿ, ನಡುವಿನಲ್ಲೇ ಸೊರಗುತ್ತದೆ. ಹೂಕೋಸಿನ ಹಾಗೆ ಎದ್ದ ಮೋಡದ ತಲೆ ನೋಡನೋಡುತ್ತಲೇ ಕರಗಿ ಹೋಗುವುದನ್ನು ನೀವೂ ಕಂಡಿರುತ್ತೀರಿ. ಸಣಕಲು ಮೋಡ ಬೇಗ ಸಾಯುತ್ತದೆ, ದಪ್ಪ ಮೋಡದ ತಿರುಳಿಗೆ ಒಣ ಗಾಳಿ ಮುಟ್ಟುವುದು ತಡ. 1958ರಲ್ಲಿ ಹರ್ಬರ್ಟ್ ರೀಲ್ ಮತ್ತು ಜೋನ್ ಮಾಲ್ಕಸ್ ಒಂದು ಲೆಕ್ಕ ಹಾಕಿದರು. ಉಷ್ಣವಲಯದ ಬಿಸಿಯನ್ನು ಮೇಲಕ್ಕೆ ಸಾಗಿಸಲು ಭೂಮಿಯ ಸುತ್ತ ಒಂದು ಹೊತ್ತಿಗೆ ಕೆಲವು ಸಾವಿರ ದಪ್ಪ ಮೋಡಗಳಿದ್ದರೆ ಸಾಕು. ತಿರುಳು ಕಲಬೆರಕೆಯಾಗದೆ ನೇರ ಮೇಲೆ ಹೋಗುವ ಮೋಡಗಳು. ಅವುಗಳಿಗೆ ಬಿಸಿ ಗೋಪುರ ಎಂಬ ಹೆಸರು ಬಂತು. ಶಿಯರ್ ಜೋರಾಗಿದ್ದಾಗ ಮೋಡ ವಾಲಿ, ಅದರ ಮೈಗೆ ಒಣ ಗಾಳಿ ಜಾಸ್ತಿ ತಾಗುತ್ತದೆ. ನಡುಮಟ್ಟ ತೇವವಾಗಿದ್ದರೆ ಅದೇ ಶಿಯರ್‌ನಿಂದ ಅಷ್ಟು ತೊಂದರೆ ಇಲ್ಲ.

ಈಗ ಮತ್ತೆ ಜುಲೈಗೆ ಬರೋಣ, ಮಲೆನಾಡಿಗೆ. ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ ಗಾಳಿ. ತಣ್ಣನೆಯ ಗಾಳಿಗೆ ಬಲ ಇಲ್ಲ, ಯಾಕೆಂದರೆ ಮೋಡದ ತಳ ನೆಲಕ್ಕೇ ತಾಗಿಕೊಂಡಿದೆ. ಆವಿಯಾಗಲು ಒಣ ಜಾಗವೇ ಇಲ್ಲ. ಹಾಗಾಗಿ ಗಾಣ ತಿರುಗುವುದಿಲ್ಲ. ಮತ್ತೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಹೇಗೆ? ಅಲ್ಲಿ ಎತ್ತುವ ಕೆಲಸವನ್ನು ಘಟ್ಟವೇ ಮಾಡುತ್ತದೆ. ಸಮುದ್ರದಿಂದ ಬಂದ ತೇವದ ಗಾಳಿ ಗೋಡೆಯಂಥ ಬೆಟ್ಟಕ್ಕೆ ಡಿಕ್ಕಿ ಹೊಡೆದು ಏರುತ್ತದೆ, ಹಗಲೂ ರಾತ್ರಿ. ಮೋಡಗಳು ಹೆಚ್ಚಾಗಿ ಕುಳ್ಳು. ಮೇಲೆ ಎದ್ದ ತಲೆಯನ್ನು ಶಿಯರ್ ಸವರಿಬಿಡುತ್ತದೆ. ಆದರೆ ಮಳೆಗೆ ತಲೆ ಬೇಕೇ ಬೇಕು ಅಂತಿಲ್ಲ. ನೀರು ಹೆಪ್ಪುಗಟ್ಟುವ ಎತ್ತರ ಮುಟ್ಟದ ಮೋಡದಲ್ಲೂ ಸಣ್ಣ ಹನಿಗಳು ಕೂಡಿಕೊಂಡು ದೊಡ್ಡ ಹನಿ ಆಗುತ್ತವೆ.

ಪುನರ್ವಸು, ಪುಷ್ಯ ಮಳೆಗಳಲ್ಲಿ ದಿನವಿಡೀ ಜಡಿ ಹಿಡಿದರೂ ಗುಡುಗು ಅಪರೂಪ ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಗುಡುಗಿಗೆ ಮಂಜಿನ ಹರಳು ಬೇಕು, ಹರಳಿಗೆ ಎತ್ತರ ಬೇಕು. ಭರಣಿ ಮಳೆ ಸದ್ದು ಮಾಡಿ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಪುಷ್ಯ ಮಳೆ ಸದ್ದಿಲ್ಲದೆ ವಾರಗಟ್ಟಲೆ ಸುರಿಯುತ್ತದೆ. ನಮ್ಮ ರೈತರು ಮಳೆಗೆ ನಕ್ಷತ್ರದ ಹೆಸರಿಟ್ಟು ಈ ವ್ಯತ್ಯಾಸವನ್ನು ತಲೆಮಾರುಗಳಿಂದ ಹೇಳುತ್ತಲೇ ಬಂದಿದ್ದಾರೆ.

ಆಗುಂಬೆಯಿಂದ ಈಶಾನ್ಯಕ್ಕೆ ಸುಮಾರು 200 ಕಿ.ಮೀ. ಹೋದರೆ ಚಳ್ಳಕೆರೆ. ಅಲ್ಲಿ ವರ್ಷದ ಸರಾಸರಿ 500 ಮಿ.ಮೀ.ಗಿಂತ ಕಡಿಮೆ. ಜುಲೈನಲ್ಲಿ ಅಲ್ಲಿಯೂ ಮೋಡ ಇರುತ್ತದೆ, ಸಾಲುಸಾಲಾಗಿ ಓಡುತ್ತದೆ. ಆದರೆ ಘಟ್ಟ ಇಳಿದ ಗಾಳಿ ಒಣಗಿದೆ, ಎತ್ತಲು ಬೆಟ್ಟ ಇಲ್ಲ, ಏಳಲು ಹೋದರೆ ಮೇಲೆ ಶಿಯರ್. ಒಂದು ತುಂತುರು ಬಿದ್ದರೆ ಬಿತ್ತು. ತಲೆಯ ಮೇಲೆ ಮೋಡ ಇದ್ದೂ ಮಳೆ ಇಲ್ಲದ ಆ ಸಂಕಟ ಬಯಲುಸೀಮೆಯವರಿಗೆ ಮಾತ್ರ ಗೊತ್ತು. ಅಲ್ಲಿ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಎರಡೂ ಗಾಳಿ ಸಡಿಲಾಗಿ, ಮೋಡಗಳು ಮತ್ತೆ ನೆಟ್ಟಗೆ ಏಳುತ್ತವೆ, ಗುಡುಗೂ ವಾಪಸ್ ಬರುತ್ತದೆ.

ಮಳೆಗಾಲದ ಶಿಯರ್ ನಮಗೆ ಒಂದು ದೊಡ್ಡ ಉಪಕಾರವನ್ನೂ ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಮೊದಲೇ ಹೆಸರಿಸಿದ ಪಿ.ವಿ. ಜೋಸೆಫ್ ಮತ್ತು ಎನ್.ವಿ. ಜೋಶಿ 1984ರಲ್ಲಿ ಒಂದು ವಿಷಯ ತೋರಿಸಿದರು. ನಮ್ಮ ಸುತ್ತಲಿನ ಸಮುದ್ರದ ನೀರು ಸುಮಾರು 28 ಡಿಗ್ರಿ ದಾಟಿದರೆ ಅದರ ಮೇಲೆ ಎತ್ತರದ ಮೋಡಗಳು ಏಳುವ ಸಾಧ್ಯತೆ ಥಟ್ಟನೆ ಹೆಚ್ಚುತ್ತದೆ. ಆದರೆ 28 ಡಿಗ್ರಿ ಇದ್ದ ಮಾತ್ರಕ್ಕೆ ಮೋಡ ಏಳಲೇಬೇಕು ಅಂತಿಲ್ಲ. ಉಳಿದದ್ದೂ ಕೂಡಿ ಬರಬೇಕು. ಜುಲೈನಲ್ಲಿ ಬಂಗಾಳ ಕೊಲ್ಲಿ ಬೆಚ್ಚಗೇ ಇರುತ್ತದೆ, ವಾಯುಭಾರ ಕುಸಿತಗಳೂ ಒಂದರ ಹಿಂದೆ ಒಂದು ಹುಟ್ಟುತ್ತವೆ. ಅವು ದೊಡ್ಡ ಚಂಡಮಾರುತ ಆಗುವುದು ತೀರಾ ಅಪರೂಪ. ಚಂಡಮಾರುತ ಬೆಳೆಯಬೇಕಾದರೆ ಅದರ ನಡುವಿನ ಬಿಸಿ ಕಂಬ ಬುಡದಿಂದ ತಲೆವರೆಗೆ ಒಂದೇ ಗೆರೆಯಲ್ಲಿ ನಿಲ್ಲಬೇಕು. ಮಳೆಗಾಲದ ಶಿಯರ್ ಆ ತಲೆಯನ್ನು ಬುಡದಿಂದ ಆಚೆಗೆ ತಳ್ಳಿಬಿಡುತ್ತದೆ. ಅವು ಬೇಗ ನೆಲ ಸೇರುವುದೂ ಇನ್ನೊಂದು ಕಾರಣ. ಅದಕ್ಕೇ ನಮ್ಮ ಚಂಡಮಾರುತಗಳ ಕಾಲ ವರ್ಷಕ್ಕೆ ಎರಡು. ಮುಂಗಾರಿಗೆ ಮೊದಲು ಒಂದು, ಮುಂಗಾರು ಹೋದ ಮೇಲೆ ಒಂದು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹುಟ್ಟಿದ್ದು ಬೆಚ್ಚನೆಯ ಅರಬ್ಬಿ ಸಮುದ್ರದ ಮೇಲೆ. ನಮ್ಮ ಕರಾವಳಿಯ ಆಚೆಯಿಂದಲೇ ಉತ್ತರಕ್ಕೆ ಸಾಗಿತು. ಆಗ ಉಡುಪಿ, ದಕ್ಷಿಣ ಕನ್ನಡದ ಕಡಲತೀರದಲ್ಲಿ ಅಲೆಗಳು ಮನೆ ಬಾಗಿಲಿಗೆ ಬಂದವು. ಬಲ ಹೆಚ್ಚೇನೂ ಕುಂದದೆಯೇ 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. 2017ರ ಕೊನೆಯಲ್ಲಿ ಬಂದ ಓಖಿಯೂ ಅದೇ ಸಮುದ್ರದಲ್ಲಿ ಉತ್ತರಕ್ಕೆ ಹೋಯಿತು. ಕನ್ಯಾಕುಮಾರಿ ಮತ್ತು ಕೇರಳದ ಎಷ್ಟೋ ಮೀನುಗಾರರ ಜೀವ ತೆಗೆದ ಚಂಡಮಾರುತ ಅದು. ಆದರೆ ಗುಜರಾತ್ ಹತ್ತಿರ ಬಂದಾಗ ಕೆಳಗೆ ಡಿಸೆಂಬರ್‌ನ ತಣ್ಣನೆಯ ನೀರು, ಮೇಲೆ ಪಶ್ಚಿಮದಿಂದ ಜೋರು ಗಾಳಿ ಸಿಕ್ಕವು. ಮೋಡದ ತಲೆ ಒಂದು ಕಡೆ ಹಾರಿಹೋಯಿತು, ಸುಳಿ ಇನ್ನೊಂದು ಕಡೆ ಉಳಿಯಿತು. ತೀರ ಮುಟ್ಟುವಷ್ಟರಲ್ಲಿ ಅದು ಚಂಡಮಾರುತವಾಗಿ ಉಳಿದಿರಲಿಲ್ಲ.

ಇದೆಲ್ಲ ಮುಂಚೆಯೇ ತಿಳಿಯುವುದು ಹೇಗೆ? ಬೆಂಗಳೂರು, ಮಂಗಳೂರಿನಂಥ ಕೇಂದ್ರಗಳಿಂದ ಬೆಲೂನ್ ಬಿಡುತ್ತಾರೆ. ಜಗತ್ತಿನಾದ್ಯಂತ ಇಂಥ ಬೆಲೂನುಗಳಿಗೆ ಒಂದೇ ಹೊತ್ತು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಮತ್ತು ಸಂಜೆ ಐದೂವರೆ. ಅದಕ್ಕೆ ಕಟ್ಟಿದ ಸಣ್ಣ ಪೆಟ್ಟಿಗೆ ಮೇಲೇರುತ್ತಾ ಪ್ರತಿ ಮಟ್ಟದ ಉಷ್ಣಾಂಶ, ತೇವ ಕಳಿಸುತ್ತದೆ. ಬೆಲೂನ್ ಯಾವ ಕಡೆ ಹೋಯಿತು ಎನ್ನುವುದರಿಂದ ಗಾಳಿ ಗೊತ್ತಾಗುತ್ತದೆ. ಮುನ್ಸೂಚನೆ ಹೇಳುವವರು ಅದರಲ್ಲಿ ಹುಡುಕುವುದು ನಾವು ಇಷ್ಟು ಹೊತ್ತು ಮಾತಾಡಿದ್ದನ್ನೇ. ಕೆಳಗೆ ತೇವ ಎಷ್ಟು, ಮುಚ್ಚಳ ಎಷ್ಟು ಗಟ್ಟಿ, ನಡುವೆ ಒಣಗಿದೆಯೋ ಇಲ್ಲವೋ, ಗಾಳಿ ಎಲ್ಲಿ ತಿರುಗಿದೆ. ಜುಲೈನಲ್ಲಿ ಬೆಂಗಳೂರಿನಿಂದ ಬಿಟ್ಟ ಬೆಲೂನ್ ಮೊದಲು ಕೋಲಾರದ ಕಡೆ ಹೊರಡುತ್ತದೆ. ಏಳೆಂಟು ಕಿ.ಮೀ. ಏರುವಷ್ಟರಲ್ಲಿ ಅದರ ಓಟ ನಿಧಾನವಾಗುತ್ತದೆ. ಆಮೇಲೆ ಪೂರ್ವದ ಗಾಳಿಗೆ ಸಿಕ್ಕಿ ಬಂದ ದಿಕ್ಕಿಗೇ ತಿರುಗಿ, ನಮ್ಮ ಟೆರೇಸಿನಿಂದ ಕಂಡ ಆ ಹಿಂಜಿದ ಹತ್ತಿಯ ಮೋಡದ ಜೊತೆಗೇ ಪಶ್ಚಿಮಕ್ಕೆ ಸಾಗುತ್ತದೆ.